ಗಾಡಿಮನೆಯ ಮೂರನೇ ಟ್ಯಾಂಕು

ಅಕ್ಟೋಬರ್ ಹನ್ನೊಂದನೇ ತಾರೀಕು, ಶನಿವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಒಂದು ಮನೆ ನಮ್ಮ ಅಕ್ಕನ ಬೀದಿಯೊಳಕ್ಕೆ ಹಿಮ್ಮುಖವಾಗಿ ಬಂತು. ಅದಕ್ಕೆ ಚಕ್ರಗಳಿದ್ದವು. ಕಿಟಕಿಗೆ ಹೂವಿನ ಪರದೆ, ಒಳಗೊಂದು ಪುಟ್ಟ ಅಡುಗೆಕೋಣೆ, ಮಡಚಿದರೆ ಮಂಚವಾಗುವ ಊಟದ ಮೇಜು, ಬಟ್ಟೆಯ ಕಪಾಟಿನಷ್ಟೇ ದೊಡ್ಡದಾದ ಒಂದು ಬಚ್ಚಲು ಇದ್ದವು. ಚಾಲಕನ ಪಕ್ಕದ ಸೀಟಿನಲ್ಲಿ, ಇಡೀ ಬಡಾವಣೆಯನ್ನೇ ಎಳೆದು ತಂದವರ ಗತ್ತಿನಲ್ಲಿ ನಮ್ಮ ಭಾವ ಕೂತಿದ್ದರು.

ಬೀದಿ ಹೊರಗೆ ಬಂತು. ಎದುರುಮನೆಯ ಟೈಲರ್ ಕೈಯಲ್ಲಿ ಕತ್ತರಿ ಹಿಡಿದೇ ಬಂದ. ಮೂಲೆಮನೆಯ ಅಜ್ಜಿ ಇದನ್ನು ಸಂಚಾರಿ ಆಸ್ಪತ್ರೆ ಎಂದು ತಿಳಿದು, ಹಳೆಯ ಔಷಧಿ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಲ್ಲ ಅಜ್ಜಿ, ಇದು ಪ್ರವಾಸದ ಗಾಡಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಭಾವ ಹೇಳಲಿಲ್ಲ. ಅಜ್ಜಿಯ ಕೈ ಹಿಡಿದು, ನಾಡಿ ನೋಡಿದಂತೆ ಮಾಡಿ, ಪರವಾಗಿಲ್ಲ, ಉಪ್ಪು ಕಡಿಮೆ ಮಾಡಿ ಎಂದು ಹೇಳಿ ಕಳಿಸಿದರು. ಭಾವನ ಸ್ವಭಾವವೇ ಅದು. ಯಾರಾದರೂ ತಪ್ಪು ತಿಳಿದರೆ ತಿದ್ದುವುದಕ್ಕೆ ಅವರಿಗೆ ಸಂಕೋಚ. ತಪ್ಪು ತಿಳಿದವರಿಗೆ ನೋವಾಗಬಾರದು ಎಂದು ತಾವೇ ಆ ತಪ್ಪಿಗೆ ಹೊಂದಿಕೊಂಡುಬಿಡುತ್ತಾರೆ.

ಅವರು ಬಸ್ ಕಂಪನಿಯ ವೇಳಾಪಟ್ಟಿ ವಿಭಾಗದಲ್ಲಿದ್ದವರು. ಬಸ್ಸುಗಳು ಎಷ್ಟು ಹೊತ್ತಿಗೆ ಹೊರಡಬೇಕು ಎಂದು ನಿವೃತ್ತಿಯವರೆಗೆ ಬರೆದರು; ಹೊರಟವೋ ಇಲ್ಲವೋ ಎಂದು ಒಮ್ಮೆಯೂ ಹೋಗಿ ನೋಡಲಿಲ್ಲ. ಅವರಿಗೆ ಸೈಕಲ್ ಕೂಡ ಬರುವುದಿಲ್ಲ. ಹಾಗಾಗಿ ಗಾಡಿ ಓಡಿಸುವ ಕೆಲಸ ನನ್ನ ತಲೆಗೆ ಬಂತು. ನಾನು ಅಕ್ಕನ ತಮ್ಮ. ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಲ್ಲಿ ಕೆಲಸ. ಜೇಬಿನಲ್ಲಿ ಸದಾ ಒಂದು ಅಳತೆಯ ಟೇಪು ಇಟ್ಟುಕೊಳ್ಳುವ ಅಭ್ಯಾಸವಿರುವುದರಿಂದ ಭಾವ ನನ್ನನ್ನು ಲ್ಯಾಬು ಎಂದು ಕರೆಯುತ್ತಾರೆ.

ಪ್ರವಾಸ ಯಾಕೆ ಎಂಬುದನ್ನು ಹೇಳಬೇಕಾದರೆ ಅಕ್ಕನ ಮೂಗಿನ ವಿಷಯ ಹೇಳಬೇಕು.

ಅಕ್ಕನ ಮೂಗು ಆ ಬೀದಿಯ ಸಾರ್ವಜನಿಕ ಆಸ್ತಿಯಾಗಿತ್ತು. ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ತೀರ್ಮಾನವಾಗದಿದ್ದರೆ ಅಕ್ಕಪಕ್ಕದವರು ಪಾತ್ರೆ ಸಮೇತ ಬಂದು ಅವಳ ಮುಂದೆ ನಿಲ್ಲುತ್ತಿದ್ದರು. ಟೈಲರ್ ಇಸ್ತ್ರಿಪೆಟ್ಟಿಗೆ ಆರಿಸದೆ ಊಟಕ್ಕೆ ಹೋದರೆ, ಬಟ್ಟೆ ಸುಡುವ ಮೊದಲೇ ಅವಳು ಕಿಟಕಿಯಿಂದ ಕೂಗುತ್ತಿದ್ದಳು. ನಲ್ಲಿ ನೀರಿನಲ್ಲಿ ಕ್ಲೋರಿನ್ ಹೆಚ್ಚಾದ ದಿನ ನಮ್ಮ ಇಲಾಖೆಯ ಯಂತ್ರಕ್ಕಿಂತ ಮೊದಲು ಅವಳ ಫೋನು ಬರುತ್ತಿತ್ತು. ನಾನು ಒಪ್ಪುತ್ತಿರಲಿಲ್ಲ. ಆಮೇಲೆ ಯಂತ್ರ ಒಪ್ಪುತ್ತಿತ್ತು.

ಫೆಬ್ರವರಿಯಲ್ಲಿ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗನ್ನು ತೆಗೆದುಕೊಂಡು ಹೋಯಿತು. ಮೊದಲು ಅವಳು ಕಾಫಿಪುಡಿಯನ್ನು ದೂರಿದಳು, ಅಂಗಡಿ ಬದಲಾಯಿಸಿದಳು, ಹೊಸ ಅಂಗಡಿಯವನ ಜೊತೆಗೂ ಜಗಳವಾಡಿದಳು. ಆಮೇಲೆ ಒಂದು ಸಂಜೆ ಸೋಪು, ಬೆಳ್ಳುಳ್ಳಿ, ಸೀಮೆಎಣ್ಣೆ ಮೂರನ್ನೂ ಮೇಜಿನ ಮೇಲಿಟ್ಟುಕೊಂಡು ಒಂದೊಂದಾಗಿ ಮೂಸಿ ನೋಡಿ, ಸುಮ್ಮನೆ ಎದ್ದು ಒಳಗೆ ಹೋದಳು. ಇದನ್ನು ಯಾರಿಗೂ ಹೇಳಕೂಡದು ಎಂದು ನಮ್ಮಿಬ್ಬರಿಂದ ಭಾಷೆ ತೆಗೆದುಕೊಂಡಳು. ಜನ ಅಯ್ಯೋ ಪಾಪ ಅನ್ನುವುದು ಅವಳಿಗೆ ಆಗದು. ನೆರೆಯವರು ಹಾಲು ತರುವುದನ್ನು ನಿಲ್ಲಿಸಲಿಲ್ಲ. ಅವಳು ಮೂಗಿನ ಹತ್ತಿರ ಹಿಡಿದು, ಸ್ವಲ್ಪ ಯೋಚಿಸಿ, ಈಗಲೇ ಕಾಯಿಸಿಬಿಡಿ ಎನ್ನುತ್ತಿದ್ದಳು. ಯಾವ ಹಾಲಿಗಾದರೂ ಸಲ್ಲುವ ಸಲಹೆ ಅದು.

ಆಗಸ್ಟಿನಲ್ಲಿ ಅಕ್ಕನ ಮಗಳಿಗೆ ಹೆರಿಗೆಯಾಯಿತು. ಹೆಣ್ಣುಮಗು. ಅಕ್ಕ ಎತ್ತಿಕೊಂಡು, ಎಲ್ಲರೂ ಮಾಡುವ ಹಾಗೆ, ಮಗುವಿನ ನೆತ್ತಿಗೆ ಮೂಗು ತಾಗಿಸಿದಳು. ಹಾಗೇ ಸ್ವಲ್ಪ ಹೊತ್ತು ನಿಂತಳು. ಮಗುವನ್ನು ನನ್ನ ಕೈಗೆ ಕೊಟ್ಟು, ಒಲೆ ಮೇಲೆ ಏನೋ ಇಟ್ಟಿದ್ದೀನಿ ಎಂದು ಒಳಗೆ ಹೋದಳು. ಒಲೆ ಮೇಲೆ ಏನೂ ಇರಲಿಲ್ಲ.

ಆ ದಿನದಿಂದ ನಮ್ಮ ನಡುವೆ ವಾಸನೆ ಎಂಬ ಪದ ನಿಷಿದ್ಧವಾಯಿತು. ಯಾರೂ ಅಪ್ಪಣೆ ಹೊರಡಿಸಲಿಲ್ಲ, ತಾನಾಗಿ ಆಯಿತು. ಒಗ್ಗರಣೆ ಘಮಘಮ ಅಂತಿದೆ ಎನ್ನುವ ಬದಲು ಭಾವ ಒಗ್ಗರಣೆ ಚೆನ್ನಾಗಿ ಕಾಣ್ತಿದೆ ಎನ್ನತೊಡಗಿದರು.

ಮೂಗಿನ ಡಾಕ್ಟರು ನಾಲ್ಕು ಸಣ್ಣ ಸೀಸೆ ಕೊಟ್ಟರು. ನಿಂಬೆ, ಲವಂಗ, ಗುಲಾಬಿ, ನೀಲಗಿರಿ. ಬೆಳಗ್ಗೆ ಸಂಜೆ ಕಣ್ಣುಮುಚ್ಚಿ ಮೂಸಬೇಕು. ಹೊಸ ಹೊಸ ಗಾಢವಾದ ವಾಸನೆಗಳ ನಡುವೆ ಓಡಾಡಿದರೆ ಒಳ್ಳೆಯದು; ಒಂದು ವರ್ಷದೊಳಗೆ ಬಂದರೆ ಬಂತು, ಆಮೇಲೆ ಬರುವ ಸಂಭವ ಕಡಿಮೆ ಎಂದರು. ಭಾವ ಇದನ್ನು ಕೇಳಿಸಿಕೊಂಡು ಮನೆಗೆ ಬರಲೇ ಇಲ್ಲ. ನೇರವಾಗಿ ಹೋಗಿ ಗಾಡಿಮನೆ ಬಾಡಿಗೆಗೆ ಗೊತ್ತುಮಾಡಿದರು. ಎಲೆ ಉದುರುವ ಕಾಲ. ಹಳ್ಳಿಗಳ ಕಡೆ ಸೇಬು ಹಿಂಡುವುದು, ಜೇನು ಇಳಿಸುವುದು, ಮೀನಿಗೆ ಹೊಗೆ ಹಾಕುವುದು, ಚೀಸು ಎನ್ನುವ ಗಟ್ಟಿ ಗಿಣ್ಣನ್ನು ಹದಕ್ಕೆ ಇಡುವುದು ಎಲ್ಲ ನಡೆಯುತ್ತಿರುತ್ತದೆ. ಜಗತ್ತು ಇಷ್ಟು ಗಾಢವಾಗಿ ಇನ್ನೆಂದೂ ಇರುವುದಿಲ್ಲ ಎಂಬುದು ಅವರ ವಾದ. ವೈಜ್ಞಾನಿಕವಾಗಿ ಅದರಲ್ಲಿ ದೋಷ ಕಾಣದೆ ನಾನು ರಜೆ ಹಾಕಿದೆ.

ಗಾಡಿ ತಂದವನು ಹೊರಡುವ ಮೊದಲು ನಮಗೆ ಪಾಠ ಮಾಡಿದ. ಗಾಡಿಯ ಹೊಟ್ಟೆಯಲ್ಲಿ ಮೂರು ಟ್ಯಾಂಕು. ಮೊದಲನೆಯದು ಒಳ್ಳೆ ನೀರಿನದು, ತುಂಬಿಸಬೇಕು. ಎರಡನೆಯದು ಪಾತ್ರೆ ತೊಳೆದ ನೀರಿನದು, ಖಾಲಿ ಮಾಡಬೇಕು. ಮೂರನೆಯದು ಪಾಯಿಖಾನೆಯದು, ಹಿಂಬದಿಯ ಕೆಳಗಿನ ಮುಚ್ಚಳ ತೆಗೆದು, ಗೊತ್ತುಪಡಿಸಿದ ಜಾಗದಲ್ಲಿ, ದಿನ ಬಿಟ್ಟು ದಿನ ಖಾಲಿ ಮಾಡಲೇಬೇಕು, ತುಂಬಿದರೆ ಒಳಗೆ ಕೆಂಪು ದೀಪ ಹತ್ತುತ್ತದೆ. ಭಾವ ಉದ್ದಕ್ಕೂ ತಲೆಯಾಡಿಸಿದರು. ಕೊನೆಗೆ, ಟ್ಯಾಂಕು ನನ್ನ ಇಲಾಖೆ, ನೀನು ತಲೆ ಹಾಕಬೇಡ ಎಂದು ನನಗೆ ಹೇಳಿದರು. ಸರ್ಕಾರಿ ನೌಕರನಾಗಿ ನಾನು ಇಲಾಖೆಗಳ ಗಡಿಯನ್ನು ಗೌರವಿಸುವವನು. ತಲೆ ಹಾಕಲಿಲ್ಲ.

ಮೊದಲು ನಿಲ್ಲಿಸಿದ್ದು ಸೇಬಿನ ರಸ ತೆಗೆಯುವಾಕೆಯ ತೋಟದಲ್ಲಿ. ಸುಮಾರು ಅಕ್ಕನ ವಯಸ್ಸಿನ ಹೆಂಗಸು, ತೋಳು ಮಡಚಿದ ಅಂಗಿ, ಮೊಣಕೈವರೆಗೂ ಅಂಟು. ದೊಡ್ಡ ಕೊಟ್ಟಿಗೆಯಲ್ಲಿ ಮರದ ತಿರುಪು, ಕೆಳಗೆ ತೊಟ್ಟಿ, ಸುತ್ತ ಸಿಪ್ಪೆಯ ರಾಶಿಯ ಮೇಲೆ ಕಣಜಗಳ ಸಭೆ. ನಾವು ಗಾಡಿ ನಿಲ್ಲಿಸಿದಾಗ ಅಕ್ಕನಿಗೆ ಸೀಸೆಗಳ ಹೊತ್ತು. ಅವಳು ಗಾಡಿಯ ಮೆಟ್ಟಿಲ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಕಣ್ಣು ಮುಚ್ಚಿ, ನಾಲ್ಕು ಸೀಸೆಗಳನ್ನು ಒಂದಾದ ಮೇಲೊಂದು ಮೂಸಿ, ಮುಚ್ಚಳ ಹಾಕಿ, ಬಟ್ಟೆಯಲ್ಲಿ ಸುತ್ತಿಟ್ಟಳು. ಆಮೇಲೆ ಇಳಿದು ಬಂದಳು. ರಸದಾಕೆ ತಿರುಪು ತಿರುಗಿಸುವುದನ್ನು ಬಿಟ್ಟು ಇದನ್ನೆಲ್ಲ ನೋಡುತ್ತಿದ್ದಳು.

ಒಂದು ಲೋಟ ರಸ ಕೊಟ್ಟಳು. ಅಕ್ಕ ಮೂಗಿನ ಹತ್ತಿರ ಹಿಡಿದಳು. ಬಹಳ ಹೊತ್ತು ಹಿಡಿದಳು. ಕುಡಿದಳು. ಮುಖ ಸುಣ್ಣ ಹೊಡೆದ ಗೋಡೆಯ ಹಾಗಿತ್ತು. ನಾಲಿಗೆಗೆ ಸಿಹಿ, ಹುಳಿ ಗೊತ್ತಾಗುತ್ತದೆ. ಅದು ಸೇಬು ಎಂದು ಹೇಳಬೇಕಾದದ್ದು ಮೂಗು. ಮೂಗು ಏನೂ ಹೇಳಿರಲಿಲ್ಲ. ಅವಳು ಲೋಟ ಕೆಳಗಿಟ್ಟು ದೂರದ ಮರಗಳ ಕಡೆ ನೋಡಿದಳು.

ಹೇಗಿದೆ ಎಂದು ರಸದಾಕೆ ಕೇಳಿದಳು. ಅಕ್ಕ ಮಾತಾಡಲಿಲ್ಲ. ಭಾಷೆ ಕೊಟ್ಟ ಭಾವ ನಡುವೆ ಬಂದರು.

"ಅವರು ಸ್ಥಳದಲ್ಲಿ ಹೇಳೋದಿಲ್ಲ," ಎಂದರು.

"ಯಾಕೆ, ಯಾರು ಇವರು?"

"ಅದನ್ನ ಹೇಳೋ ಹಾಗಿಲ್ಲಮ್ಮ. ನಮ್ಮಿಂದ ಮಾತು ತಗೊಂಡಿದಾರೆ."

ಎರಡರಲ್ಲೂ ಸುಳ್ಳಿನ ಲವಲೇಶ ಇರಲಿಲ್ಲ ಎಂಬುದನ್ನು ನಾನು ಇಲ್ಲಿ ದಾಖಲಿಸುತ್ತೇನೆ. ರಸದಾಕೆಯ ಮುಖದ ಬಣ್ಣ ಇಳಿಯಿತು. ಕೈ ತೊಳೆದುಕೊಂಡು, ನೆಲಮಾಳಿಗೆಗೆ ಹೋಗಿ, ಧೂಳು ಕೂತ ಬಾಟಲಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಅಕ್ಕ ಅದನ್ನೂ ಮೂಸಿದಳು, ಕುಡಿದಳು, ಮರಗಳನ್ನು ನೋಡಿದಳು. ನಾವು ಹೊರಡುವಾಗ ರಸದಾಕೆ ಗೇಟಿನವರೆಗೂ ಬಂದು, ಈ ವರ್ಷ ಮಳೆ ಹೆಚ್ಚಾಯಿತು, ಅದರಿಂದ ಸ್ವಲ್ಪ ತೆಳುವಾಗಿರಬಹುದು ಎಂದು ಯಾರೂ ಕೇಳದಿದ್ದರೂ ಹೇಳಿದಳು.

ಮರುದಿನ ಜೇನು ಸಾಕುವವನ ಮನೆ ತಲುಪುವ ಹೊತ್ತಿಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟಿನಲ್ಲೇ ನಿಂತಿದ್ದ. ಹಳ್ಳಿಯ ಜನ ಎಷ್ಟು ಒಳ್ಳೆಯವರು ಎಂದು ಭಾವನ ಕಣ್ಣು ಒದ್ದೆಯಾಯಿತು. ಅಕ್ಕ ಮೆಟ್ಟಿಲ ಮೇಲೆ ಕೂತು ಸೀಸೆ ತೆಗೆದದ್ದೇ ತಡ, ಅವನು ಹೆಂಡತಿಯನ್ನು ಕರೆದು, ಹೇಳಿದ್ನಲ್ಲ, ರುಚಿ ನೋಡೋ ಮೊದ್ಲು ಮೂಗು ತೊಳ್ಕೋತಾರೆ ಎಂದು ಪಿಸುಗುಟ್ಟಿದ. ಅವನ ಐದು ಬಗೆಯ ಜೇನನ್ನೂ ಅಕ್ಕ ಒಂದೇ ಮುಖದಿಂದ ಸ್ವೀಕರಿಸಿದಳು. ಐದನೆಯದಕ್ಕೆ ಅವನು ಗೋಡೆಗೆ ಒರಗಿದ.

ಅವನ ಕೊಟ್ಟಿಗೆಯ ಗೋಡೆಯ ಮೇಲೆ ನಾನು ಆ ಭಿತ್ತಿಪತ್ರ ಕಂಡೆ. ಆ ಸೀಮೆಯ ತಿನಿಸು ತಯಾರಕರ ಸಂಘದ ಶರತ್ಕಾಲದ ಬಹುಮಾನ. ಗೆದ್ದವರು ಒಂದು ವರ್ಷ ತಮ್ಮ ಮಾಲಿನ ಮೇಲೆ ಸಂಘದ ಚಿನ್ನದ ಮುದ್ರೆ ಹಾಕಿಕೊಳ್ಳಬಹುದು. ಕೆಳಗೆ ದಪ್ಪ ಅಕ್ಷರದಲ್ಲಿ, ತೀರ್ಪುಗಾರರು ಗುರುತು ಹೇಳದೆ ಬರುತ್ತಾರೆ ಎಂದಿತ್ತು.

ನಾನು ಭಾವನನ್ನು ಜೇನುಪೆಟ್ಟಿಗೆಗಳ ಹಿಂದೆ ಕರೆದೊಯ್ದು ವಿಷಯ ತಿಳಿಸಿದೆ. ಈಗಲೇ ಹೋಗಿ ನಿಜ ಹೇಳಿಬಿಡೋಣ ಎಂದೆ. ಭಾವ ಒಪ್ಪಿದರು. ಆಮೇಲೆ, ಯಾವ ನಿಜ ಎಂದು ಕೇಳಿದರು. ತೀರ್ಪುಗಾರರಲ್ಲ ಎಂದರೆ ಮತ್ತೆ ಯಾಕೆ ಹಾಗೆ ಮೂಸುತ್ತಾರೆ, ಯಾಕೆ ಮಾತಾಡುವುದಿಲ್ಲ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಹೇಳಿದರೆ ಕೊಟ್ಟ ಮಾತು ಹೋಗುತ್ತದೆ. ನಾವಿಬ್ಬರೂ ಬಹಳ ಹೊತ್ತು ಜೇನುಹುಳುಗಳನ್ನು ನೋಡುತ್ತ ನಿಂತೆವು. ಹೇಗಿದ್ದರೂ ಅಕ್ಕ ಯಾರಿಗೂ ಏನೂ ಹೇಳುತ್ತಿಲ್ಲ, ಏನೂ ಹೇಳದವರಿಂದ ಯಾರಿಗೇನು ಅನ್ಯಾಯ ಎಂದು ಭಾವ ತೀರ್ಮಾನಿಸಿದರು. ಆ ತರ್ಕದಲ್ಲಿ ಎಲ್ಲೋ ತೂತಿತ್ತು. ನನಗೆ ತಕ್ಷಣ ಅದು ಸಿಗಲಿಲ್ಲ.

ಆಮೇಲಿನ ದಿನಗಳಲ್ಲಿ ನಮ್ಮ ಗಾಡಿಗಿಂತ ಮುಂದೆ ಸುದ್ದಿ ಓಡಿತು. ವಿನಿಗರ್ ಮಾಡುವವನು ಅಂಗಳ ತೊಳೆಸಿದ್ದ. ಮೀನಿಗೆ ಹೊಗೆ ಹಾಕುವ ಅಣ್ಣತಮ್ಮಂದಿರು, ಮೂರು ವರ್ಷದಿಂದ ಮಾತು ಬಿಟ್ಟವರು, ನಮ್ಮ ಸಲುವಾಗಿ ಒಂದೇ ಬಾಗಿಲಲ್ಲಿ ನಿಂತಿದ್ದರು. ಎಲ್ಲರೂ ಬೀಳ್ಕೊಡುವಾಗ ಒಂದೊಂದು ಪೊಟ್ಟಣ ಕೊಟ್ಟರು. ಅಕ್ಕನ ಮೌನದ ಬಗ್ಗೆ ಕಥೆಗಳು ಹುಟ್ಟಿದವು. ಅವಳು ಎಡಗೈಯಲ್ಲಿ ಲೋಟ ಇಟ್ಟರೆ ಸೋತಂತೆ, ಬಲಗೈಯಲ್ಲಿ ಇಟ್ಟರೆ ಇನ್ನೂ ಆಸೆಯಿದೆ ಎಂದು ಯಾರೋ ಕಂಡುಹಿಡಿದರು. ಒಂದು ಬ್ರೆಡ್ಡಿನ ಅಂಗಡಿಯಲ್ಲಿ ಅವಳು ಸೀನಿದಳು; ಅಂಗಡಿಯವನು ಅದರ ಅರ್ಥ ಏನೆಂದು ಕೇಳಲು ನಮ್ಮ ಗಾಡಿಯ ಹಿಂದೆ ಅರ್ಧ ಮೈಲಿ ಸೈಕಲ್ ತುಳಿದ.

"ಇವರೆಲ್ಲ ಯಾಕೆ ನನ್ನ ಬಾಯಿ ನೋಡ್ತಾರೆ?" ಎಂದು ಅಕ್ಕ ಒಮ್ಮೆ ಕೇಳಿದಳು. ತಾವು ಬೆಳೆದದ್ದನ್ನು ತಿನ್ನುವವರ ಬಾಯಿ ನೋಡಿದರೆ ರೈತರಿಗೆ ಖುಷಿ ಎಂದು ಭಾವ ಹೇಳಿದರು. ಅವಳು ನಂಬಿದಂತೆ ಕಾಣಲಿಲ್ಲ. ಸೀಸೆಗಳನ್ನು ಮಾತ್ರ ತಪ್ಪದೆ ಮೂಸುತ್ತಿದ್ದಳು. ಪ್ರತಿ ಸಲವೂ ಭಾವ ಬೇರೆ ಕಡೆ ನೋಡುತ್ತ, ಕಿವಿ ಮಾತ್ರ ಅವಳ ಕಡೆ ಇಟ್ಟು ಕಾಯುತ್ತಿದ್ದರು. ಪ್ರತಿ ಸಲವೂ ಅವಳು ಬಟ್ಟೆ ಸುತ್ತಿ ಇಡುತ್ತಿದ್ದಳು. ಮಗುವಿನ ನೆತ್ತಿಯ ಆ ವಾಸನೆ ಕೆಲವೇ ತಿಂಗಳು ಇದ್ದು ಹೋಗಿಬಿಡುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು. ಮೂವರೂ ಆ ಮಾತು ಆಡಲಿಲ್ಲ.

ಈ ನಡುವೆ ಗಾಡಿಯೊಳಗೆ ಒಂದು ಬೆಳವಣಿಗೆಯಾಯಿತು. ನಾಲ್ಕನೇ ದಿನ ಬೆಳಗ್ಗೆ ನಾನು ಎದ್ದಾಗ ಗಾಳಿಯಲ್ಲಿ ಏನೋ ಇತ್ತು. ಮಧ್ಯಾಹ್ನಕ್ಕೆ ಅದು ಖಚಿತವಾಯಿತು. ಮರುದಿನ ಅದು ನಮ್ಮ ಜೊತೆ ಊಟಕ್ಕೆ ಕೂತಿತು.

ಅಕ್ಕನ ಮುಂದೆ ಹೇಗೆ ಹೇಳುವುದು? ಇದೇನು ವಾಸನೆ ಎಂದು ನಾನು ಬಾಯಿ ಬಿಟ್ಟರೆ, ಮೂವರಲ್ಲಿ ಇಬ್ಬರಿಗೆ ಮೂಗಿದೆ, ಒಬ್ಬಳಿಗೆ ಇಲ್ಲ ಎಂದು ಎದುರಿಗೇ ಸಾರಿದಂತೆ. ಹೊಗೆ ಹಾಕಿದ ಮೀನಿನ ಪೊಟ್ಟಣದ ಮೇಲೆ ಅನುಮಾನಪಟ್ಟು, ಯಾರಿಗೂ ಕಾಣದ ಹಾಗೆ ಅದನ್ನು ದಾರಿಯ ನಾಯಿಯೊಂದಕ್ಕೆ ದಾನ ಮಾಡಿದೆ. ಪ್ರಯೋಜನವಾಗಲಿಲ್ಲ. ಭಾವನಿಗೂ ಗೊತ್ತಾಗಿದೆ ಎಂಬುದು ಅವರ ವರ್ತನೆಯಿಂದ ತಿಳಿಯುತ್ತಿತ್ತು. ಥಂಡಿಗೆ ಹಲ್ಲು ಕಟಕಟ ಎನ್ನುವಾಗ, ಸ್ವಲ್ಪ ಪ್ರಕೃತಿ ನೋಡೋಣ ಎಂದು ಎಲ್ಲ ಕಿಟಕಿ ತೆಗೆಯುತ್ತಿದ್ದರು. ನಾನು ಪ್ರಕೃತಿಯನ್ನು ಮನಸಾರೆ ಬೆಂಬಲಿಸುತ್ತಿದ್ದೆ. ಇದೇ ಹೊತ್ತಿನಲ್ಲಿ ನನ್ನ ಕಾಲುಚೀಲಗಳು ಒಂದೊಂದಾಗಿ ಮಾಯವಾಗತೊಡಗಿದವು. ಭಾವ ಯಾರ ಮೇಲೆ ಅನುಮಾನಪಟ್ಟಿದ್ದಾರೆ ಎಂದು ಆಗ ಅರ್ಥವಾಯಿತು. ಅವರೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಬರಿಗಾಲಿನಲ್ಲಿ ಬೂಟು ಹಾಕಿಕೊಂಡು ಗಾಡಿ ಓಡಿಸಿದೆ.

ಅಡುಗೆಕೋಣೆಯ ಪಕ್ಕದಲ್ಲಿ ಒಂದು ಕೆಂಪು ದೀಪ ಹತ್ತಿತ್ತಂತೆ. ಅದು ನನ್ನ ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ಮಲಗುವಾಗ ಕಣ್ಣಿಗೆ ಹೊಡೆಯುತ್ತದೆ ಎಂದು ಭಾವ ಅದರ ಮೇಲೆ ಕೈ ಒರೆಸುವ ಬಟ್ಟೆ ನೇತುಹಾಕಿದ್ದರು.

ಗಿಣ್ಣು ಮಾಡುವವನ ಮನೆಗೆ ನಾವು ಹೋದದ್ದು ಶುಕ್ರವಾರ ಬೆಳಗ್ಗೆ. ಅಲ್ಲಿ ಅಂಗಳದ ತುಂಬ ವಾಹನಗಳು. ದೊಡ್ಡ ಕೊಟ್ಟಿಗೆಯ ಎರಡೂ ಬಾಗಿಲು ತೆರೆದು, ಒಳಗೆ ಉದ್ದನೆಯ ಮೇಜು ಹಾಕಿ, ಬಿಳಿ ಬಟ್ಟೆ ಹೊದಿಸಿ, ಅದರ ಹಿಂದೆ ನಾವು ಕಂಡು ಬಂದವರೆಲ್ಲ ತಮ್ಮ ತಮ್ಮ ಮಾಲು ಮುಂದಿಟ್ಟುಕೊಂಡು ಕೂತಿದ್ದರು. ರಸದಾಕೆ, ಜೇನಿನವನು, ವಿನಿಗರಿನವನು, ಮಾತು ಬಿಟ್ಟ ಅಣ್ಣತಮ್ಮಂದಿರು. ಗಿಣ್ಣಿನವನು ನಡುವೆ. ದೊಡ್ಡ ಆಳು, ಸಣ್ಣ ದನಿ. ಮೂರು ಚಳಿಗಾಲ ನೆಲಮಾಳಿಗೆಯಲ್ಲಿ ತಿರುಗಿಸಿ ತಿರುಗಿಸಿ ಒರೆಸಿದ ಒಂದು ಚಕ್ರದಾಕಾರದ ಗಿಣ್ಣಿನ ಗಡ್ಡೆ ಅವನ ಮುಂದಿತ್ತು.

ಎದೆಗೆ ಬಿಲ್ಲೆ ಚುಚ್ಚಿಕೊಂಡ ಸಂಘದ ಕಾರ್ಯದರ್ಶಿ ನಮ್ಮನ್ನು ಬಾಗಿಲಲ್ಲಿ ಎದುರುಗೊಂಡ. ನೇಮಕವಾಗಿದ್ದ ತೀರ್ಪುಗಾರರಿಗೆ ನೆಗಡಿಯಾಗಿ ಮೂಗು ಕಟ್ಟಿರುವುದರಿಂದ ಬೇರೊಬ್ಬರನ್ನು ಕಳಿಸುವುದಾಗಿಯೂ, ಅವರ ಗುರುತು ತನಗೂ ತಿಳಿಸಲಾಗದು ಎಂದೂ ಮೇಲಿನವರು ಹೇಳಿದ್ದರಂತೆ. ಗುರುತು ತಿಳಿಯದವರನ್ನು ಗುರುತಿಸಿದ ಹೆಮ್ಮೆ ಅವನ ಮುಖದಲ್ಲಿತ್ತು. ಅಕ್ಕನನ್ನು ಕರೆದೊಯ್ದು ಮೇಜಿನ ಎದುರಿನ ಒಂಟಿ ಕುರ್ಚಿಯಲ್ಲಿ ಕೂರಿಸಿ, ಗಿಣ್ಣಿನ ತೆಳುವಾದ ಒಂದು ಚೂರನ್ನು ತಟ್ಟೆಯಲ್ಲಿ ಮುಂದಿಟ್ಟು, ಮಾನ್ಯ ತೀರ್ಪುಗಾರರು ಮೌನ ಮುರಿದು ಎರಡು ಮಾತು ಹೇಳಬೇಕೆಂದು ಕೇಳಿಕೊಂಡ.

ಅಕ್ಕ ಭಾವನ ಕಡೆ ನೋಡಿದಳು. ಭಾವ ತಮ್ಮ ಬೂಟಿನ ಕಡೆ ನೋಡಿದರು. ನನ್ನ ಕಡೆ ನೋಡಿದಳು. ನಾನು ಭಾವನ ಬೂಟಿನ ಕಡೆ ನೋಡಿದೆ.

ಒಂದು ವಾರದ ಲೆಕ್ಕವೆಲ್ಲ ಅವಳ ಮುಖದ ಮೇಲೆ ಹಾದುಹೋಯಿತು. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ನಿಜ ಹೇಳಿಬಿಡುತ್ತಾಳೆ ಎಂದು ನನಗೆ ಗೊತ್ತಾಯಿತು. ಎಂಟು ತಿಂಗಳು ಮುಚ್ಚಿಟ್ಟದ್ದನ್ನು ಗುರುತಿಲ್ಲದ ಇಷ್ಟು ಜನರ ಎದುರು, ನಮ್ಮಿಬ್ಬರ ದಡ್ಡತನದಿಂದಾಗಿ. ನೋಡಿ, ನಾನು ಎಂದು ಶುರುಮಾಡಿದಳು. ಅಷ್ಟಕ್ಕೇ ನಿಂತಳು. ಗಾಳಿ ಬಾಗಿಲಿಂದ ಬೀಸಿ ಮೇಜಿನ ಬಟ್ಟೆಯ ಅಂಚನ್ನು ಎತ್ತಿತು. ಅವಳ ತಲೆ ಸ್ವಲ್ಪ ಮೇಲೆದ್ದಿತು.

"ಏನೋ ನಾರ್ತಾ ಇದೆ," ಎಂದಳು.

ಗಿಣ್ಣಿನವನು ನಿಧಾನವಾಗಿ ಕೂತ. ರಸದಾಕೆ ಬಾಯಿಗೆ ಕೈ ಹಿಡಿದಳು. ಕಾರ್ಯದರ್ಶಿ ಬಿಲ್ಲೆ ಮುಟ್ಟಿಕೊಂಡ.

"ಏನಂದೆ?" ಎಂದು ಭಾವ ಕೇಳಿದರು.

"ನಾರ್ತಾ ಇದೆ ಅಂದೆ. ಕೆಟ್ಟದಾಗಿ."

"ಇನ್ನೊಂದ್ಸಲ ಹೇಳೇ."

"ಗಬ್ಬು ನಾರ್ತಾ ಇದೆ ರೀ."

ಭಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು. ನಾನು ಹತ್ತಿರವಿದ್ದ ಜೇನಿನವನ ಕೈ ಹಿಡಿದು ಜೋರಾಗಿ ಕುಲುಕಿದೆ ಎಂದು ಆಮೇಲೆ ತಿಳಿಯಿತು. ಆ ಕೊಟ್ಟಿಗೆಯಲ್ಲಿದ್ದವರ ಸ್ಥಾನದಲ್ಲಿ ನಿಂತು ಇದನ್ನು ನೋಡಬೇಕು. ಒಬ್ಬ ಬಡಪಾಯಿಯ ಮೂರು ವರ್ಷದ ಶ್ರಮವನ್ನು ಗಬ್ಬು ಎಂದು ಕರೆದು, ಮೂರು ಸಲ ಹೇಳಿಸಿ, ಮನೆಮಂದಿಯೆಲ್ಲ ಸಂಭ್ರಮಪಡುತ್ತಿದ್ದಾರೆ.

"ಎಂಥ ಜನಾರೀ ನೀವು," ಎಂದಳು ರಸದಾಕೆ.

ಅಕ್ಕನಿಗೆ ಯಾವುದೂ ಕೇಳಿಸುತ್ತಿರಲಿಲ್ಲ. ಅವಳು ಕುರ್ಚಿ ಬಿಟ್ಟು ಹೊರಟಿದ್ದಳು. ಮೊದಲು ಬಾಗಿ ತಟ್ಟೆಯ ಗಿಣ್ಣನ್ನು ಮೂಸಿದಳು. ಇದಲ್ಲ ಎಂದಳು. ಗಿಣ್ಣಿನವನಿಗೆ ಜೀವ ಬಂತು. ವಿನಿಗರ್, ಇದಲ್ಲ. ಮೀನು, ಇದಲ್ಲ. ಕಾರ್ಯದರ್ಶಿಯ ಮುಂದೆ ಒಂದು ಕ್ಷಣ ನಿಂತಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಇವರಲ್ಲ ಎಂದು ಮುಂದೆ ಹೋದಳು. ಕತ್ತಲಲ್ಲಿ ಗೋಡೆ ಹಿಡಿದು ನಡೆಯುವವರ ಹಾಗೆ ಗಾಳಿಯನ್ನು ಹಿಡಿದು ಬಾಗಿಲು ದಾಟಿ ಅಂಗಳಕ್ಕೆ ಇಳಿದಳು. ಅವಳ ಹಿಂದೆ ಭಾವ, ನಾನು, ಕಾರ್ಯದರ್ಶಿ, ಆ ಸೀಮೆಯ ತಿನಿಸು ತಯಾರಕರೆಲ್ಲ ಸಾಲಾಗಿ ನಡೆದೆವು. ಉದುರಿದ ಎಲೆಗಳ ಮೇಲೆ ಅಷ್ಟೂ ಜನರ ಕಾಲಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅವಳು ನಮ್ಮ ಗಾಡಿಯನ್ನು ಬಳಸಿ ಹಿಂಬದಿಗೆ ಹೋಗಿ, ಕೆಳಗಿನ ಮುಚ್ಚಳದ ಎದುರು ನಿಂತು ಬೆರಳು ತೋರಿಸಿದಳು.

"ಇಲ್ಲಿ."

ನಾನು ಭಾವನ ಮುಖ ನೋಡಿದೆ.

"ದಿನಾ ಖಾಲಿ ಮಾಡಿದೀನಲ್ಲ," ಎಂದರು ಭಾವ.

"ಯಾವುದನ್ನ?"

"ಪಾತ್ರೆ ತೊಳೆದ ನೀರಿಂದು." ಸ್ವಲ್ಪ ತಡೆದು ಕೇಳಿದರು. "ಇನ್ನೊಂದಿದೆಯಾ?"

ಅಕ್ಕ ನಮ್ಮಿಬ್ಬರ ಕಡೆ ತಿರುಗಿದಳು. ನಿಮಗೆ ಯಾರಿಗೂ ಗೊತ್ತಾಗಲಿಲ್ಲವೇ ಎಂದು ಕೇಳಿದಳು. ಗಾಡಿ ಅಂಗಳಕ್ಕೆ ಬಂದಾಗಲೇ ಗೊತ್ತಾಯಿತು, ತೀರ್ಪುಗಾರರಿಗೆ ಹೇಗೆ ಹೇಳುವುದು ಎಂದು ಸುಮ್ಮನಿದ್ದೆವು ಎಂದ ಗಿಣ್ಣಿನವನು. ಉಳಿದವರು ತಲೆಯಾಡಿಸಿದರು. ನನಗೆ ಸುಳ್ಳು ಹೇಳಲು ಬರಲಿಲ್ಲ. ಮೂರು ದಿನದಿಂದ ಗೊತ್ತಿತ್ತು ಎಂದೆ.

"ಮತ್ತೆ ಯಾಕೋ ಬಾಯಿ ಬಿಡಲಿಲ್ಲ?"

ಭಾವ ಗಾಡಿಯ ಚಕ್ರವನ್ನು ಪರೀಕ್ಷಿಸತೊಡಗಿದರು. ಅಕ್ಕ ನನ್ನ ಬರಿಗಾಲಿನ ಬೂಟು ನೋಡಿದಳು, ಥಂಡಿಯಲ್ಲಿ ಪೂರ್ತಿ ತೆರೆದಿದ್ದ ಕಿಟಕಿಗಳನ್ನು ನೋಡಿದಳು, ಗಂಡನ ಕೆಂಪಾದ ಕಿವಿಗಳನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

"ನನ್ನ ಎದುರಿಗೆ ಆ ಮಾತು ಆಡಬಾರದು ಅಂತಾನಾ," ಎಂದಳು. ಆಮೇಲೆ ಬಹಳ ಮೆಲ್ಲಗೆ, "ದಡ್ಡ ಮುಂಡೇವಾ."

ಅಲ್ಲೇ ನಿಂತು ಅವಳು ಎಲ್ಲರಿಗೂ ಹೇಳಿದಳು. ತಾನು ತೀರ್ಪುಗಾರಳಲ್ಲ, ಫೆಬ್ರವರಿಯಿಂದ ತನಗೆ ಮೂಗಿಲ್ಲ, ಅವರು ಕೊಟ್ಟ ಯಾವುದರ ಘಮವೂ ತನಗೆ ತಿಳಿದಿಲ್ಲ, ಅದಕ್ಕೆ ಕ್ಷಮೆ ಇರಲಿ. ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಕಾರ್ಯದರ್ಶಿ ಮಾತ್ರ ಕಾರ್ಯವಿಧಾನದ ಪ್ರಶ್ನೆ ಎತ್ತಿದ. ಇವರು ಕೊಟ್ಟ ತೀರ್ಪುಗಳನ್ನು ರದ್ದು ಮಾಡಬೇಕಾಗುತ್ತದೆ ಎಂದ. ಇವರು ಯಾವ ತೀರ್ಪನ್ನೂ ಕೊಟ್ಟಿಲ್ಲ ಎಂದು ವಿನಿಗರಿನವನು ನೆನಪಿಸಿದ. ಹಾಗಾದರೆ ರದ್ದು ಮಾಡದೆ ಇರುವುದನ್ನು ನಡಾವಳಿಯಲ್ಲಿ ಬರೆಯಬೇಕಾಗುತ್ತದೆ ಎಂದು ಕಾರ್ಯದರ್ಶಿ ಚಿಂತೆಗೆ ಬಿದ್ದ.

ರಸದಾಕೆ ಮುಂದೆ ಬಂದಳು. "ಅಂದ್ರೆ ಅವತ್ತು ಮುಖ ಹಾಗೆ ಮಾಡಿದ್ದು ನನ್ನ ರಸ ಕುಡಿದು ಅಲ್ವಾ?"

"ಅಲ್ಲಮ್ಮ."

"ಒಂದು ವಾರದಿಂದ ನಿದ್ದೆ ಮಾಡಿಲ್ಲ ತಾಯಿ ನಾನು," ಎಂದು ಅವಳು ಓಡಿಹೋಗಿ ಒಂದು ಲೋಟ ತಂದು ಅಕ್ಕನ ಕೈಗೆ ಕೊಟ್ಟಳು. ಈಗ ನೋಡಿ ಎಂದಳು.

ಎಲ್ಲರೂ ಕಾದರು. ಅಕ್ಕ ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದಳು. ಇಲ್ಲ, ಏನೂ ಇಲ್ಲ ಎಂದಳು. ಜೇನಿನವನು ತಂದದ್ದಕ್ಕೂ ಹಾಗೇ ತಲೆಯಲ್ಲಾಡಿಸಿದಳು. ಕೊನೆಗೆ ಗಿಣ್ಣಿನವನು ಒಂದು ಚೂರನ್ನು ಅಂಗೈಯಲ್ಲಿ ಇಟ್ಟುಕೊಂಡು ಬಂದ. ಅವಳು ಅದರ ಮೇಲೆ ಬಾಗಿದಳು. ಏಳಲಿಲ್ಲ.

"ದೂರದಲ್ಲಿ ಏನೋ ಇದೆ," ಎಂದಳು. "ಪಕ್ಕದ ಮನೆಯವರು ಬಾಗಿಲು ಅರ್ಧ ತೆಗೆದ ಹಾಗೆ."

ಗಿಣ್ಣಿನವನು ಈ ಮಾತನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿ, ಹೆಂಡತಿಯನ್ನೂ ಕರೆಸಿ ಕೇಳಿಸಿದ. ಚಿನ್ನದ ಮುದ್ರೆ ಆಮೇಲೆ ಯಾರಿಗೆ ಹೋಯಿತೋ ನನಗೆ ಗೊತ್ತಿಲ್ಲ. ಅವನ ಅಂಗಡಿಯ ಹಲಗೆಯ ಮೇಲೆ ಈಗ ಆ ಮಾತೇ ಇದೆಯಂತೆ.

ಭಾವ ತೋಳು ಮಡಚಿ, ತಮ್ಮ ಇಲಾಖೆಯ ಬಾಕಿ ಕೆಲಸಕ್ಕೆ ಸಿದ್ಧರಾದರು. ಸಗಣಿ ಗುಂಡಿ ಎಲ್ಲಿದೆ ಎಂದು ಗಿಣ್ಣಿನವನು ತೋರಿಸಿದ. ಕೊಳವೆ ಜೋಡಿಸಿ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಅಕ್ಕ ತಡೆದಳು.

"ಸ್ವಲ್ಪ ಇರಿ ರೀ. ಈಗಲೇ ಬೇಡ."

ಜನರೆಲ್ಲ ಮೂಗು ಮುಚ್ಚಿಕೊಂಡು ಅಂಗಳದ ಆಚೆ ಬದಿಗೆ ಸರಿದಿದ್ದರು. ಅವಳೊಬ್ಬಳೇ, ಹೂದೋಟಕ್ಕೆ ಬಂದವಳ ಹಾಗೆ ಕೈಕಟ್ಟಿಕೊಂಡು, ಆ ಮುಚ್ಚಳದ ಎದುರು ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ಭಾವ ಕೊಳವೆ ಹಿಡಿದುಕೊಂಡೇ ಪಕ್ಕಕ್ಕೆ ಹೋಗಿ ನಿಂತರು. ಅವರು ಮೂಗು ಮುಚ್ಚಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ನನ್ನ ಕ‌ಡೆ ತಿರುಗಿ, ನಾಳೆ ಗಾಡಿಯನ್ನು ಮಗಳ ಮನೆ ಕಡೆ ತಿರುಗಿಸು ಎಂದಳು. ಅಲ್ಲೂ ಏನೂ ತಿಳಿಯದೆ ಇರಬಹುದು ಎಂದು ನಾನು ಹೇಳಬೇಕೆಂದಿದ್ದೆ. ಅವಳ ಮುಖ ನೋಡಿದರೆ ಅದು ಅವಳಿಗೆ ಗೊತ್ತಿತ್ತು.

ಎಷ್ಟು ದೂರದಿಂದ ತಿಳಿಯಿತು ಎಂದು ಡಾಕ್ಟರು ಕೇಳಿಯೇ ಕೇಳುತ್ತಾರೆ. ನಾನು ಜೇಬಿನಿಂದ ಟೇಪು ತೆಗೆದು ಒಂದು ತುದಿಯನ್ನು ಕಾರ್ಯದರ್ಶಿಯ ಕೈಗೆ ಕೊಟ್ಟೆ. ಸರ್ಕಾರಿ ಕೆಲಸ ಎಂದು ತಿಳಿದು ಅವನು ಅದನ್ನು ಬಹಳ ಗೌರವದಿಂದ ಹಿಡಿದುಕೊಂಡ. ಟೇಪು ಸಾಲದೆ ನಡುವೆ ಗುರುತು ಹಾಕಿ ಅಳೆಯಬೇಕಾಯಿತು. ಕೊಟ್ಟಿಗೆಯಲ್ಲಿ ಅಕ್ಕ ಎದ್ದುನಿಂತ ಕುರ್ಚಿಯಿಂದ ಗಾಡಿಯ ಮೂರನೇ ಟ್ಯಾಂಕಿನ ಮುಚ್ಚಳದವರೆಗೆ, ಬಾಗಿಲು ತೆರೆದಿದ್ದು ಗಾಳಿ ಒಳಮುಖವಾಗಿದ್ದಾಗ: ಹದಿನಾಲ್ಕು ಮೀಟರ್ ಅರವತ್ತು ಸೆಂಟಿಮೀಟರ್.